ಎರಡು ಮೋಟಾರು, ಎರಡು ಪಂಕ್ತಿ

ಆ ವರ್ಷ ಡಿಸೆಂಬರಿನ ಒಂದು ಬೆಳಿಗ್ಗೆ ಮಾಳಮಡ್ಡಿಯ ಗಿರಣಿ ಕಾಕಾ ನನ್ನ ಅಂಗಡಿಗೆ ಬಂದವರೇ, ಕೈಯಲ್ಲಿದ್ದ ಪೇಪರನ್ನು ಪಟ್ಟನೆ ಮೇಜಿನ ಮೇಲೆ ಬಡಿದರು.

"ತಂಗಿ, ನಿಮ್ಮ ಕಾಕೂನ ಖಾರದ ಮಶೀನಿನ ಮೋಟಾರ ಬಿಚ್ಚಿ ಕೊಡವಾ. ಗುಜರಿಯಂವಗ ಹೇಳಿ ಬಂದೇನಿ."

ನನ್ನದು ಧಾರವಾಡದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಹಳೇ ತಂತಿ ಕಿತ್ತು ಹೊಸದು ಸುತ್ತುವುದು, ಗಿರಣಿಗಳಿಗೆ ಸ್ವಿಚ್ ಬೋರ್ಡು ಕೂಡಿಸಿ ಕೊಡುವುದು ನನ್ನ ಕೆಲಸ. ಹೆಣ್ಣುಮಗಳು ತಂತಿ ಸುತ್ತುತ್ತಾಳೆ ಎಂದು ಬರೀ ನೋಡಿ ಹೋಗಲು ಬಂದವರು ಮೊದಮೊದಲು ಬಹಳ. ಈಗ ಊರಿನ ಅರ್ಧ ಗಿರಣಿಗಳ ಮೋಟಾರು ನನ್ನ ಕೈಯಿಂದ ಹಾಯ್ದು ಹೋಗಿವೆ. ಕಾಕಾನ ಹೆಂಡತಿ ಕಾಕೂನ ಆ ಖಾರ ಕುಟ್ಟುವ ಮಶೀನಿನ ಮೋಟಾರನ್ನಂತೂ ಎರಡು ಸಲ ಸುತ್ತಿದ್ದೇನೆ, ಎರಡನೇ ಸಲ ಜ್ವರ ಇಟ್ಟುಕೊಂಡು. ಅದನ್ನು ಗುಜರಿಗೆ ಹಾಕುತ್ತೇನೆ ಎಂದರೆ ನನಗೆ ಹೇಗಾಗಬೇಡ!

"ಯಾಕ್ರಿ ಕಾಕಾರ? ಏನಾಗೇತಿ ಅದಕ್ಕ?"

"ಅದಕ್ಕೇನೂ ಆಗಿಲ್ಲ, ನನಗ ಆಗೇತಿ. ಓದ ಇದನ್ನ."

ಪೇಪರಿನಲ್ಲಿ ವಿದ್ಯುತ್ ಕಂಪನಿಯ ಪ್ರಕಟಣೆ ಇತ್ತು. ನಿಗದಿತ ಶುಲ್ಕ ಏರಿಸಲು ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಿದ್ದೇವೆ ಎಂದು. ಕರೆಂಟು ಉರಿಸಿದ್ದಕ್ಕೆ ಕೊಡುವ ಹಣ ಬೇರೆ, ಈ ನಿಗದಿತ ಶುಲ್ಕ ಬೇರೆ. ಗಿರಣಿಯಲ್ಲಿ ಒಟ್ಟು ಎಷ್ಟು ಎಚ್.ಪಿ. ಮೋಟಾರು ಇದೆಯೋ ಅಷ್ಟಕ್ಕೂ ತಿಂಗಳಾ ತಿಂಗಳಾ ಕಟ್ಟಬೇಕು, ಓಡಲಿ ಬಿಡಲಿ. ಕಾಕಾನ ಹಿಟ್ಟಿನ ಗಿರಣಿ ಹತ್ತು ಎಚ್.ಪಿ., ಕಾಕೂನ ಖಾರದ ಮಶೀನು ಏಳೂವರೆ. ಹೋಳಿ ಹುಣ್ಣಿಮೆ ಮುಗಿದ ಮೇಲೆ ಮನೆಮನೆಯವರು ವರ್ಷದ ಖಾರ ಕುಟ್ಟಿಸಲು ಸಾಲು ಹಚ್ಚುತ್ತಾರೆ. ಮೊದಲ ಮಳೆ ಬಿದ್ದ ಮೇಲೆ ಆ ಮಶೀನು ಗೋಣಿತಾಟು ಹೊದ್ದು ಮಲಗುತ್ತದೆ. ಮಲಗಿದ್ದಕ್ಕೂ ಶುಲ್ಕ.

"ಕಾಕೂ ಏನಂದ್ರು?" ಎಂದು ಕೇಳಿದೆ.

ಕಾಕಾ ಪೇಪರು ಮಡಚತೊಡಗಿದರು. "ಆಕಿಗೆ ಇನ್ನೂ ಹೇಳಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಮೂಗಿಗೆ ಸೆರಗು ಕಟ್ಟಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಬಂದವರ ಮೆಣಸಿನಕಾಯಿ ಮುರಿದು ನೋಡಿ "ಇದು ಒಣಗಿಲ್ಲ, ನಾಳೆ ತಗೊಂಡ ಬಾ" ಎಂದು ಹಿಂದಕ್ಕೆ ಕಳಿಸುವ ಹೆಂಗಸು ಕಾಕೂ. ಆ ಮಶೀನು ಅವರ ರಾಜ್ಯ. ಅದನ್ನು ಹೇಳದೆ ಕೇಳದೆ ಗುಜರಿಗೆ ಕೊಡಲು ಹೊರಟಿದ್ದಾರೆ ಈ ಮಹಾಶಯರು!

ಪ್ರಕಟಣೆಯ ಕೊನೆಯ ಸಾಲು ಆಗ ಕಣ್ಣಿಗೆ ಬಿತ್ತು. ದರ ತೀರ್ಮಾನಿಸುವುದು ಕಂಪನಿ ಅಲ್ಲ, ಆಯೋಗ. ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಕೊಡಬಹುದು, ಪ್ರಮಾಣಪತ್ರ ಲಗತ್ತಿಸಬೇಕು, ಆರು ಪ್ರತಿ. ಆಮೇಲೆ ಹುಬ್ಬಳ್ಳಿಯಲ್ಲಿ ಸಾರ್ವಜನಿಕ ವಿಚಾರಣೆ.

"ಕಾಕಾರ, ನೀವು ಎರಡೂ ಮೋಟಾರ ಕೂಡೇ ಓಡಸ್ತೀರೇನು?"

"ಹುಚ್ಚಿ ಅದೀಯೇನ? ಖಾರದ ಧೂಳ ಹಿಟ್ಟಿಗೆ ಹತ್ತಿದ್ರ ಮಂದಿ ನನ್ನ ಜೀವಾ ತಿಂತಾರ. ಬೆಳಿಗ್ಗೆ ಹಿಟ್ಟು, ಮಧ್ಯಾಹ್ನ ಖಾರ. ಎಂದೂ ಕೂಡಿ ಓಡಸಂಗಿಲ್ಲ."

ಅಲ್ಲಿಗೆ ನನ್ನ ತಲೆಯಲ್ಲಿ ದೀಪ ಹತ್ತಿತು. ಒಂದು ಓಡುವಾಗ ಇನ್ನೊಂದು ಓಡುವುದೇ ಇಲ್ಲ ಎಂದಮೇಲೆ ತಂತಿಯ ಮೇಲೆ ಬೀಳುವ ಭಾರ ಹತ್ತು ಎಚ್.ಪಿ. ಮಾತ್ರ. ಶುಲ್ಕವನ್ನೂ ದೊಡ್ಡ ಮೋಟಾರಿಗೆ ಮಾತ್ರ ಹಾಕಿ ಎಂದು ಕೇಳಬೇಕು. ದರ ಕಡಿಮೆ ಮಾಡಿ ಎಂದು ಕಣ್ಣೀರು ಹಾಕುವುದಲ್ಲ, ಲೆಕ್ಕದ ರೀತಿಯನ್ನೇ ಬದಲಿಸಿ ಎನ್ನುವುದು. ಮೋಟಾರು ಬಿಚ್ಚುವ ಕೆಲಸ ವಿಚಾರಣೆ ಮುಗಿಯುವವರೆಗೆ ಮುಂದೆ ಹೋಯಿತು. ಕಾಕಾ ಗೊಣಗುತ್ತ ಒಪ್ಪಿದರು.

ಮುಂದಿನ ಎರಡು ವಾರ ಸ್ಕೂಟಿ ಮೇಲೆ ತಿರುಗಿದೆ. ಸಪ್ತಾಪುರ, ಮಾಳಮಡ್ಡಿ, ಗರಗ, ಹುಬ್ಬಳ್ಳಿಯ ಮೂರು ಓಣಿ. ಎರಡೆರಡು ಮೋಟಾರು ಇರುವ ಹನ್ನೆರಡು ಗಿರಣಿಯವರು ಸಹಿ ಹಾಕಿದರು. ಪ್ರತಿ ಗಿರಣಿಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ: ಎಂದೂ ಕೂಡಿ ಓಡಿಸುವುದಿಲ್ಲ. ತಾಂತ್ರಿಕ ಸಾಕ್ಷಿಯಾಗಿ ನಾನೇ ನೋಟರಿ ಮುಂದೆ ನಿಂತು ಪ್ರಮಾಣಪತ್ರ ಮಾಡಿಸಿದೆ. "ಸದರಿ ಗಿರಣಿಗಳಲ್ಲಿ ಎರಡೂ ಮೋಟಾರುಗಳು ಏಕಕಾಲಕ್ಕೆ ಎಂದಿಗೂ ಚಾಲನೆಯಲ್ಲಿರುವುದಿಲ್ಲ, ಇದನ್ನು ನಾನು ಸ್ವತಃ ಬಲ್ಲೆ." ಆ "ಎಂದಿಗೂ" ನನಗೆ ಎಷ್ಟು ಹಿಡಿಸಿತೆಂದರೆ ಅದರ ಕೆಳಗೆ ಗೆರೆ ಬೇರೆ ಎಳೆದೆ. ಆರು ಪ್ರತಿ ಕಳಿಸಿ ಬಂದು ಅಂಗಡಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಜನವರಿಯಲ್ಲಿ ಕಂಪನಿಯ ಉತ್ತರ ಬಂತು. ಆಕ್ಷೇಪಣೆ ಹಾಕಿದ ಪ್ರತಿಯೊಬ್ಬರಿಗೂ ಅವರು ಲಿಖಿತ ಉತ್ತರ ಕೊಡಬೇಕು, ಅದು ನಿಯಮ. ಒಂದೇ ಹಾಳೆ, ಜೊತೆಗೊಂದು ಪಟ್ಟಿ. ಈಗಿನ ಮೀಟರುಗಳು ಬರೀ ಯೂನಿಟ್ ಎಣಿಸುವುದಿಲ್ಲ, ಗಿರಣಿ ಒಮ್ಮೆಗೆ ಅತಿ ಹೆಚ್ಚು ಎಷ್ಟು ಲೋಡು ಎಳೆಯಿತು ಎಂಬುದನ್ನೂ ನೆನಪಿನಲ್ಲಿಡುತ್ತವೆ. ಕಳೆದ ಒಂದು ವರ್ಷದ ಆ ಗರಿಷ್ಠ ಬೇಡಿಕೆಯ ಪಟ್ಟಿ ಅದು. ಹತ್ತು ಎಚ್.ಪಿ. ಬದಲು ಹದಿನೇಳೂವರೆಯ ಆಸುಪಾಸು. ಕಾಕಾನ ಗಿರಣಿ ಅಷ್ಟೇ ಅಲ್ಲ, ಪಟ್ಟಿಯುದ್ದಕ್ಕೂ ಅದೇ ಕಥೆ. ಕೆಳಗೆ ಒಂದು ಸಾಲು: "ಆಕ್ಷೇಪಣೆದಾರರ ಪ್ರಮಾಣಪತ್ರದ ಹೇಳಿಕೆಯು ದಾಖಲೆಗೆ ವಿರುದ್ಧವಾಗಿರುತ್ತದೆ."

ಅಂದರೆ ನಾನು ಸುಳ್ಳು ಪ್ರಮಾಣ ಮಾಡಿದ್ದೆ. ಗೆರೆ ಎಳೆದು ಮಾಡಿದ್ದೆ!

ಸೀದಾ ಮಾಳಮಡ್ಡಿಗೆ ಹೋದೆ. ಹಳೇ ಬಿಲ್ಲು ತೋರಿಸಿ ಎಂದರೆ ಒಂದೂ ಇಲ್ಲ. ಕಾಕೂ ಅವನ್ನೆಲ್ಲ ಮಸಾಲೆ ಪುಡಿಕೆ ಕಟ್ಟಲು ಬಳಸಿ ಮುಗಿಸಿದ್ದರು. ಕಾಕಾ ದೇವರ ಆಣೆ ಮಾಡಿದರು, ಮಕ್ಕಳ ಆಣೆ ಮಾಡಿದರು. "ಮೀಟರ ಕೆಟ್ಟೈತಿ ಅಂತ ಬರದ ಹಾಕ ತಂಗಿ, ಮುಗೀತಲ್ಲ."

"ಎಲ್ಲಾರ ಮೀಟರೂ ಒಮ್ಮೆ ಕೆಡತಾವೇನ್ರಿ?"

ಕಾಕೂ ಒಳಗಿನಿಂದ ಬಂದು ನಿಂತರು. ಗುಜರಿಯ ಸುದ್ದಿ ಅಷ್ಟರಲ್ಲಿ ಅವರಿಗೆ ಯಾರಿಂದಲೋ ಗೊತ್ತಾಗಿತ್ತು. ಬೈಯಲಿಲ್ಲ, ಅಳಲಿಲ್ಲ. "ಮಶೀನ ಹೋಗತೈತೇನವಾ?" ಎಂದು ನನ್ನನ್ನು ಕೇಳಿದರು. ಅವರು ಕಾಕಾನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು.

ಅಂಗಡಿಗೆ ಬಂದು ಆ ಪಟ್ಟಿಯನ್ನು ಮತ್ತೆ ಮತ್ತೆ ನೋಡಿದೆ. ನಾಲ್ಕನೇ ಸಲವೋ ಐದನೇ ಸಲವೋ, ಒಂಬತ್ತನೇ ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿ ಹದಿನೇಳೂವರೆ ಇಲ್ಲ. ಹತ್ತರ ಒಳಗೇ ಇದೆ! ಹನ್ನೊಂದು ಗಿರಣಿಗಳು ಸುಳ್ಳು ಹೇಳಿ ಒಂದೇ ಒಂದು ನಿಜ ಹೇಳಿತ್ತೇ? ಅದು ಚರ್ಚಿನ ಪಕ್ಕದ ಓಣಿಯಲ್ಲಿರುವ ಮಾಸ್ತರರ ಗಿರಣಿ. ಮಿಶನ್ ಸಾಲಿಯಲ್ಲಿ ಕಲಿಸಿ ನಿವೃತ್ತರಾದ ಮೇಲೆ ಅಪ್ಪನ ಗಿರಣಿ ನಡೆಸುತ್ತಿದ್ದವರು. ಅವರದೂ ಅವೇ ಎರಡು ಮೋಟಾರು, ಅದೇ ಹತ್ತು, ಅದೇ ಏಳೂವರೆ. ಎರಡನ್ನೂ ನಾನೇ ಕೂಡಿಸಿದ್ದು.

ಮಧ್ಯಾಹ್ನದ ಊಟ ಬಿಟ್ಟು ಓಡಿದೆ.

"ಮಾಸ್ತರ್ರ, ನೀವು ಬ್ಯಾರೆ ಏನ್ ಮಾಡ್ತೀರಿ?"

"ನಾ ಏನವಾ ಬ್ಯಾರೆ ಮಾಡ್ಲಿ? ಎಲ್ಲಾರಂಗ ಬೆಳಿಗ್ಗೆ ಹಿಟ್ಟು, ಮಧ್ಯಾಹ್ನ ಖಾರ." ಅವರು ಪಟ್ಟಿಯನ್ನು ಕನ್ನಡಕದಡಿ ಹಿಡಿದು ಓದಿದರು, ಪರೀಕ್ಷೆ ಪೇಪರು ನೋಡಿದಂತೆ ನಿಧಾನವಾಗಿ. ಆಮೇಲೆ ನಗಲು ಸುರುಮಾಡಿದರು. ನಗುತ್ತಾರೆ, ನಗುತ್ತಾರೆ, ನನಗೆ ಸಿಟ್ಟೇ ಬಂತು.

"ಏನಾತ್ರಿ?"

"ಅಲ್ಲಾ ತಂಗಿ, ವರ್ಷದಾಗ ನನ್ನ ಗಿರಣಿ ಬಂದ್ ಇದ್ದು ನಿಮ್ಮ ಗಿರಣಿ ಎಲ್ಲಾ ಚಾಲೂ ಇರೋ ದಿನಾ ಯಾವುದು ಹೇಳ ನೋಡೂಣು. ಖಂಡೇನವಮಿ! ನಾವು ಚರ್ಚಿಗೆ ಹೋಗೋ ಮಂದಿ, ಆ ಪೂಜಿ ನಮಗಿಲ್ಲ. ಅವತ್ತ ನನ್ನ ಕಡೆ ಒಬ್ಬರೂ ಬರಂಗಿಲ್ಲ. ಎಲ್ಲಾರೂ ನಿಮ್ಮ ಕಾಕಾನ ಕಡೆ ಪುಕ್ಕಟ ಬೀಸಿಸ್ಕೊಳ್ಳಾಕ ಹೋಗಿರ್ತಾರ."

ನಾನು ಅಲ್ಲೇ ಹಿಟ್ಟಿನ ಚೀಲದ ಮೇಲೆ ಕುಳಿತೆ. ಅಯ್ಯೋ ದೇವರೇ! ಖಂಡೇನವಮಿ, ಅಂದರೆ ಆಯುಧಪೂಜೆಯ ದಿನ ನಮ್ಮ ಕಡೆ ಗಿರಣಿಗಳಲ್ಲಿ ಯಂತ್ರಗಳಿಗೆ ಪೂಜೆ ಆದಮೇಲೆ ಯಾವುದನ್ನೂ ಉಪವಾಸ ಬಿಡುವಂತಿಲ್ಲ. ಹಿಟ್ಟಿನ ಗಿರಣಿಗೆ ಗೋದಿ ಸುರಿಯುತ್ತಾರೆ, ಖಾರದ ಮಶೀನಿಗೆ ಮೆಣಸಿನಕಾಯಿ, ಎರಡಕ್ಕೂ ಒಮ್ಮೆಗೇ. ಒಂದು ತಾಸು ಓಣಿಯವರಿಗೆಲ್ಲ ಪುಕ್ಕಟೆ. ಹಿಟ್ಟಿಗೆ ಸ್ವಲ್ಪ ಖಾರ ಹತ್ತಿದರೂ ಆ ದಿನ ಯಾರೂ ಗೊಣಗುವುದಿಲ್ಲ, ಪ್ರಸಾದ ಎಂದು ಒಯ್ಯುತ್ತಾರೆ. ಪ್ರತಿ ವರ್ಷ ಕಾಕಾನ ಗಿರಣಿಯ ಪೂಜೆಗೆ ನಾನೇ ಹೋಗಿದ್ದೇನೆ, ಮೋಟಾರಿಗೆ ಕುಂಕುಮ ಹಚ್ಚಿದ್ದೇನೆ, ಎರಡೂ ಗುಡುಗುಡು ಓಡುವಾಗ ಪಕ್ಕದಲ್ಲೇ ನಿಂತು ಪೇಢೆ ತಿಂದಿದ್ದೇನೆ. ಆದರೂ "ಎಂದಿಗೂ" ಎಂದು ಬರೆದಿದ್ದೆ! ಕಾಕಾ ಸುಳ್ಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಪೂಜೆಯನ್ನು ನಾವು ಯಾರೂ ಓಡಿಸುವುದು ಎಂದು ಎಣಿಸಿಯೇ ಇರಲಿಲ್ಲ. ಮೀಟರು ಎಣಿಸಿತ್ತು.

ಊಹೆ ಸಾಲದು, ದಾಖಲೆ ಬೇಕು. ಮೀಟರಿನಲ್ಲಿ ಗರಿಷ್ಠ ಲೋಡಿನ ತಾರೀಖು, ಗಂಟೆ ಎರಡೂ ಇರುತ್ತವೆ, ಕೇಬಲ್ ಚುಚ್ಚಿ ತೆಗೆಯಬೇಕು. ಅದನ್ನು ತೆಗೆಯುವ ಅಧಿಕಾರ ಕಂಪನಿಗೆ. ನಮಗೆ ಉತ್ತರ ಬರೆದಿದ್ದ ಇಂಜಿನಿಯರ್ ಮೇಡಂ ಬಳಿಯೇ ಅರ್ಜಿ ಹಿಡಿದು ಹೋದೆ. ನನ್ನ ವಯಸ್ಸಿನವರೇ, ಧಾರವಾಡದವರೇ. ಮುಖ ಮಾತ್ರ ಬಿಗಿ.

"ಮತ್ಯಾಕ್ರಿ? ಉತ್ತರ ಕೊಟ್ಟೇವಲ್ಲ."

"ನಿಮ್ಮ ಉತ್ತರ ಖರೇ ಐತ್ರಿ ಮೇಡಂ. ನಂದ ತಪ್ಪೈತಿ. ಯಾವ ದಿನ ತಪ್ಪೇತಿ ಅಂತ ನೋಡಬೇಕಾಗೇತಿ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಕಂಪನಿಯ ಉತ್ತರ ಸರಿಯಿದೆ ಎಂದು ಹೇಳಿಕೊಂಡು ಬಂದ ಆಕ್ಷೇಪಣೆದಾರರಲ್ಲಿ ಬಹುಶಃ ನಾನೇ ಮೊದಲನೆಯವಳು. ಅರ್ಜಿ ತೆಗೆದುಕೊಂಡರು. ಮರುವಾರ ಅವರೇ ಮೀಟರ್ ಪರೀಕ್ಷೆಯವರನ್ನು ಕರೆದುಕೊಂಡು ಗಿರಣಿಗಿರಣಿಗೆ ಬಂದರು.

ಮಾಳಮಡ್ಡಿ: ಖಂಡೇನವಮಿ, ಬೆಳಿಗ್ಗೆ ಹನ್ನೊಂದೂವರೆ. ನಾನು ಕುಣಿಯುವುದೊಂದು ಬಾಕಿ. ಸಪ್ತಾಪುರ: ಖಂಡೇನವಮಿ, ಹನ್ನೆರಡು. ಗರಗ: ಅದೇ ದಿನ, ಹತ್ತೂವರೆ; ಅವರು ಪೂಜೆ ಬೇಗ ಮುಗಿಸುತ್ತಾರೆ. ಹುಬ್ಬಳ್ಳಿಯಲ್ಲಿ ಮೂರಕ್ಕೆ ಮೂರೂ ಅದೇ ದಿನ. ಹನ್ನೊಂದನೇ ಮೀಟರು ಓದುವ ಹೊತ್ತಿಗೆ ಮೇಡಂ ತಾವೇ ಪರದೆಯ ಮೇಲೆ ಬಗ್ಗಿ, "ನಿಂದ್ರಿ, ನಿಂದ್ರಿ, ನಾ ಹೇಳತೇನಿ," ಎಂದು ತಾರೀಖನ್ನು ಮೊದಲೇ ಹೇಳಿಬಿಟ್ಟರು. ನಾವಿಬ್ಬರೂ ಜೋರಾಗಿ ನಕ್ಕೆವು. ತಕ್ಷಣ ಅವರಿಗೆ ತಾವು ಕಂಪನಿ ಎಂಬುದು ನೆನಪಾಗಿ, ಮುಖ ಬಿಗಿ ಮಾಡಿಕೊಂಡು, "ಪ್ರತಿ ಸಹಿ ಮಾಡಿ ಕೊಡತೇವಿ," ಎಂದರು.

ಖುಷಿಯ ನಡುವೆಯೇ ಒಂದು ಜಗಳ ಹುಟ್ಟಿತು. ನಾನು ಹೊಸ ಪ್ರಮಾಣಪತ್ರ ಬರೆಯುವವಳಿದ್ದೆ: ಮೊದಲ ಹೇಳಿಕೆ ತಪ್ಪು, ಇನ್ನು ಮುಂದೆ ಎರಡೂ ಮೋಟಾರು ಕೂಡಿ ಓಡದಂತೆ ಚೇಂಜ್‌ಓವರ್ ಸ್ವಿಚ್ಚು ಹಾಕಿಸುತ್ತೇವೆ. ಹಿಡಿಕೆ ಮೇಲೆ ಒತ್ತಿದರೆ ಹಿಟ್ಟು, ಕೆಳಗೆ ಎಳೆದರೆ ಖಾರ. ಎರಡೂ ಒಮ್ಮೆಗೆ ಹತ್ತಲು ದಾರಿಯೇ ಇಲ್ಲದ ಸ್ವಿಚ್ಚು ಅದು. ಕಾಕಾ ಕೆರಳಿದರು.

"ಹಂಗಾದ್ರ ಖಂಡೇನವಮಿ ದಿನಾ? ಒಂದ ಯಂತ್ರ ಉಣ್ಣೂದು, ಒಂದ ಬಾಯಿ ಬಾಯಿ ಬಿಡೂದು? ನಮ್ಮಪ್ಪ ಇದ್ದಾಗಿಂದ ನಡದ ಬಂದದ್ದು ತಂಗಿ. ಮಶೀನ ಹೋದ್ರ ಹೋಗ್ಲಿ, ನಾ ಅದಕ್ಕ ಸಹಿ ಮಾಡಂಗಿಲ್ಲ."

ಉಳಿದ ಗಿರಣಿಯವರೂ ಕಾಕಾನ ಮುಖವನ್ನೇ ನೋಡುವವರು. ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ನಾನು ತೀರ್ಮಾನ ಮಾಡಿದೆ: ಸ್ವಿಚ್ಚಿನ ಮಾತು ಬರೆಯುವುದಿಲ್ಲ, ಆದರೆ ನನ್ನ ತಪ್ಪನ್ನು ಮಾತ್ರ ಆಯೋಗದ ಮುಂದೆ ಮೊದಲ ಮಾತಾಗಿ ಹೇಳಿಬಿಡುತ್ತೇನೆ. ತಾರೀಖುಗಳ ಪಟ್ಟಿ ಇದೆ. ಆದದ್ದು ಆಗಲಿ.

ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ವಿಚಾರಣೆ. ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಆಯೋಗದ ಅಧ್ಯಕ್ಷರು, ಇಬ್ಬರು ಸದಸ್ಯರು. ಒಂದು ಬದಿಗೆ ಕಂಪನಿಯವರು, ನಮ್ಮ ಮೇಡಂ ಕೂಡ. ಪಂಪ್‌ಸೆಟ್ಟಿನವರು ಮಾತಾಡಿದರು, ಹೋಟೆಲಿನವರು ಮಾತಾಡಿದರು, ಒಬ್ಬರು ಆವೇಶದಲ್ಲಿ ಮೈಕನ್ನೇ ಕಿತ್ತರು. ನನ್ನ ಹೆಸರು ಕರೆದಾಗ ಎದ್ದು ಮುಂದೆ ಹೋದೆ. ಹಿಂದಿನ ಸಾಲಿನಲ್ಲಿ ಕಾಕಾ, ಕಾಕೂ, ಮಾಸ್ತರರು, ಗರಗದವರು.

"ಸರ್, ನಾನು ತಪ್ಪು ಪ್ರಮಾಣಪತ್ರ ಕೊಟ್ಟಿದ್ದೇನೆ," ಎಂದು ಶುರುಮಾಡಿದೆ. "ಎಂದಿಗೂ ಎಂದು ಬರೆದಿದ್ದೆ. ವರ್ಷದಲ್ಲಿ ಒಂದು ತಾಸು ಎರಡೂ ಓಡುತ್ತವೆ. ಆ ತಾಸು ಯಾವುದು ಎಂದು ಕಂಪನಿಯವರೇ ಸಹಿ ಮಾಡಿ ಕೊಟ್ಟಿದ್ದಾರೆ."

ಪಟ್ಟಿ ಓದಿದೆ. ಒಂದೊಂದು ಊರು, ಒಂದೊಂದು ಗಂಟೆ, ಒಂದೇ ತಾರೀಖು. ನಾಲ್ಕನೆಯದಕ್ಕೆ ಸಭೆಯಲ್ಲಿ ಯಾರೋ "ಖಂಡೇನವಮಿ!" ಎಂದು ಕೂಗಿದರು. ಆರನೆಯದಕ್ಕೆ ಸಭೆಯೇ ಕೂಗಿತು. ಆಮೇಲೆ ಮಾಸ್ತರರನ್ನು ಎಬ್ಬಿಸಿ ನಿಲ್ಲಿಸಿದೆ: ಅವೇ ಮೋಟಾರು, ಪೂಜೆ ಇಲ್ಲ, ಹೆಚ್ಚಿನ ಲೋಡೂ ಇಲ್ಲ. ಮಾಸ್ತರರು ಎರಡೂ ಕೈ ಮುಗಿದು ನಾಲ್ಕೂ ಕಡೆ ತಿರುಗಿದರು, ಬಹುಮಾನ ಬಂದವರಂತೆ.

ಅಧ್ಯಕ್ಷರು ನಕ್ಕರು. ಆದರೆ ನಕ್ಕು ಬಿಡುವವರಾಗಿರಲಿಲ್ಲ. "ತಾರೀಖು ಒಪ್ಪಿದೆ ಅಮ್ಮಾ. ಆದರೆ ಆ ಒಂದು ತಾಸಿಗಾದರೂ ಕಂಪನಿ ನಿಮಗಾಗಿ ಹದಿನೇಳೂವರೆಗೆ ತಂತಿ, ಟ್ರಾನ್ಸ್‌ಫಾರ್ಮರ್ ಸಿದ್ಧ ಇಡಲೇಬೇಕಲ್ಲ? ಅದರ ಖರ್ಚು ಯಾರದು? ಆ ದಿನವೂ ಎರಡನ್ನೂ ಕೂಡಿ ಓಡಿಸುವುದಿಲ್ಲ ಎಂದು ಬರೆದುಕೊಡುತ್ತೀರಾ?"

ಮಾತು ಸರಿಯಾಗಿತ್ತು. ತಿರುಗಿ ಕಾಕಾನನ್ನು ನೋಡಿದೆ. ಕಾಕಾ ನೆಲ ನೋಡುತ್ತಿದ್ದರು. ಎಲ್ಲಾ ಇಲ್ಲಿಗೇ ಮುಗಿಯಿತು ಎಂದುಕೊಂಡೆ.

"ನಾ ಒಂದ ಮಾತ ಹೇಳಲೇನ್ರಿ ಸಾಹೇಬ್ರ?"

ಕಾಕೂ ಎದ್ದು ನಿಂತಿದ್ದರು. ಮೈಕು ಕೊಟ್ಟರೆ ಬೇಡ ಎಂದರು. ಮಶೀನಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು, ಮೈಕು ಯಾತಕ್ಕೆ?

"ಖಾರದ ಮಶೀನ ನಂದರಿ. ಹಬ್ಬದ ದಿನ ಅದನ್ನ ಉಪವಾಸ ಕೆಡವಾಕ ಆಗಂಗಿಲ್ಲ, ನಮ್ಮನಿಯವರು ಹೇಳೂದು ಬರೋಬ್ಬರಿ ಐತಿ. ಆದ್ರ ಮನ್ಯಾಗ ಬೀಗರು ಬಾಳ ಮಂದಿ ಬಂದ್ರಂದ್ರ ಏನ್ ಮಾಡ್ತೇವ್ರಿ? ಎಲ್ಲಾರ್ನೂ ಒಮ್ಮೆ ಕುಂಡ್ರಸಾಕ ಜಾಗಾ ಇರೂದಿಲ್ಲ. ಎರಡ ಪಂಕ್ತಿ ಮಾಡ್ತೇವಿ. ಎರಡನೇ ಪಂಕ್ತಿಯವರು ಉಪವಾಸ ಹೋಗ್ತಾರೇನು? ಅವರೂ ಹೋಳಿಗಿ ಉಂಡ ಹೋಗ್ತಾರ. ಹಂಗ ಇವಕ್ಕೂ ಎರಡ ಪಂಕ್ತಿ ಮಾಡ್ತೇವ್ರಿ. ಆ ಸ್ವಿಚ್ಚ ಹಾಕವಾ ತಂಗಿ. ಬರದ ಕೊಡ."

ಆಮೇಲೆ ಎದ್ದ ಚಪ್ಪಾಳೆಗೆ ಸಭಾಂಗಣದ ತಗಡು ಹಾರಿಹೋಗಬೇಕಿತ್ತು. ಅಧ್ಯಕ್ಷರು ಕಂಪನಿಯ ಕಡೆ ತಿರುಗಿ, "ತಾಂತ್ರಿಕವಾಗಿ ಸಾಧ್ಯವೇ?" ಎಂದರು. ನಮ್ಮ ಮೇಡಂ ಎದ್ದು, ತಮ್ಮ ಹಿರಿಯರ ಮುಖವನ್ನೂ ನೋಡದೆ, "ಸಾಧ್ಯ ಇದೆ ಸರ್. ಸ್ವಿಚ್ಚಿಗೆ ನಮ್ಮ ಸೀಲ್ ಇರಬೇಕು, ಅಷ್ಟೇ," ಎಂದರು. ನನಗೆ ಓಡಿಹೋಗಿ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಕಾಕಾ ಇನ್ನೂ ನೆಲ ನೋಡುತ್ತಲೇ ಇದ್ದರು, ಆದರೆ ಕಿಸೆಯಿಂದ ಪೆನ್ನು ತೆಗೆದಿದ್ದರು.

ಬೇಸಿಗೆಯಲ್ಲಿ ಆದೇಶ ಬಂತು. ನೂರಾರು ಪುಟ. ಮೊಬೈಲಿನಲ್ಲಿ ಸರಿಸುತ್ತ ಸರಿಸುತ್ತ ಹೆಬ್ಬೆರಳು ನೋಯಿತು. ನಿಗದಿತ ಶುಲ್ಕ ಏರಿತ್ತು, ಕಂಪನಿ ಕೇಳಿದಷ್ಟು ಅಲ್ಲ. ಗಿರಣಿಗಳ ಭಾಗದ ಕೆಳಗೆ ಸಣ್ಣಕ್ಷರದಲ್ಲಿ ಮೂರು ಸಾಲು: ಸೀಲ್ ಮಾಡಿದ ಚೇಂಜ್‌ಓವರ್ ಸ್ವಿಚ್ಚು ಇರುವಲ್ಲಿ ದೊಡ್ಡ ಮೋಟಾರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು; ವರ್ಷದಲ್ಲಿ ಒಮ್ಮೆ ಎರಡೂ ಕೂಡಿ ಓಡಿದ ದಾಖಲೆ ಸಿಕ್ಕರೂ ಈ ಸೌಲಭ್ಯ ರದ್ದು. ಗಾಡಿ ತೆಗೆದುಕೊಂಡು ಮಾಳಮಡ್ಡಿಗೆ ಹಾರಿದೆ. ಖಾರದ ಸಾಲು ಬೀದಿಯವರೆಗೂ ನಿಂತಿತ್ತು. ಕಾಕೂ ಮಶೀನು ನಿಲ್ಲಿಸಲಿಲ್ಲ. ನಾನು ಕಿವಿಯಲ್ಲಿ ಕೂಗಿ ಹೇಳಿದೆ. ಅವರ ಕಣ್ಣಲ್ಲಿ ನೀರಿತ್ತು. ಖಾರದ್ದು ಎಂದರು, ನಾನು ನಂಬಲಿಲ್ಲ.

ಹನ್ನೆರಡು ಗಿರಣಿಗೂ ಸ್ವಿಚ್ಚು ನಾನೇ ಕೂಡಿಸಿದೆ. ಮೇಡಂ ಬಂದು ಸೀಲ್ ಹಾಕಿದರು.

ಖಂಡೇನವಮಿ ಬಂತು. ಕಾಕಾನ ಗಿರಣಿ ತುಂಬ ಜನ. ಎರಡೂ ಯಂತ್ರಕ್ಕೆ ಹೂವು, ಸ್ವಿಚ್ಚಿಗೂ ಒಂದು ಮಾಲೆ. ಹೇಗೂ ತಮ್ಮ ಗಿರಣಿ ಬಂದ್ ಎಂದು ಮಾಸ್ತರರು ಈ ಸಲ ಇಲ್ಲಿಗೇ ಬಂದಿದ್ದರು, ಕೈಯಲ್ಲಿ ಒಂದು ಡಬ್ಬಿ ಗೋದಿ. ಮೇಡಂ ರಜೆಯ ದಿನವೂ ಮೀಟರಿನ ಮೇಲೆ ಒಂದು ಕಣ್ಣಿಟ್ಟು ಪೇಢೆ ತಿನ್ನುತ್ತಿದ್ದರು. ಮಂಗಳಾರತಿ ಆಯಿತು. ಕಾಕಾ ಬೊಗಸೆ ತುಂಬ ಗೋದಿ ಹಿಡಿದು ಹಿಟ್ಟಿನ ಗಿರಣಿಯ ಮುಂದೆ ನಿಂತು, "ಒತ್ತ ತಂಗಿ ಮ್ಯಾಲಕ," ಎಂದರು.

ನಾನು ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ಕಾಕೂ ನನ್ನ ಕೈ ಸರಿಸಿದರು. ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡರು.

"ಗುಜರಿಗೆ ಹೊಂಟಿತ್ತಲ್ಲ, ಅದು ಮೊದಲ ಉಣ್ಣಲಿ," ಎಂದು ಹಿಡಿಕೆಯನ್ನು ಕೆಳಗೆ ಎಳೆದರು.

ಕಾಕಾ ಬೊಗಸೆಯ ಗೋದಿ ಹಿಡಿದುಕೊಂಡು, ಎರಡನೇ ಪಂಕ್ತಿಗೆ ಕಾಯುತ್ತ ನಿಂತರು.